ಬಾಗಿಲಲ್ಲಿ ಬಿಟ್ಟ ಬಿಳಿ

ಜುಲ್ಹುಮೋರ್ ಉಕ್ಕುವ ಹಾಲನ್ನು ಇಳಿಸಿ ಬರುವಷ್ಟರಲ್ಲಿ ಬಾಗಿಲಿನ ಬೆಳಕು ಹೋಗಿಬಿಟ್ಟಿತ್ತು. ಮನೆಯ ಬಾಗಿಲಿನದಲ್ಲ, ಚಿತ್ರದ ಬಾಗಿಲಿನದು. ದ್ರಾಕ್ಷಿ ಚಪ್ಪರ, ಅದರ ನೆರಳು, ಮಣ್ಣಿನ ಗೋಡೆ ಎಲ್ಲವನ್ನೂ ಮೂರು ದಿನ ಕೂತು ನೀರುಬಣ್ಣದಲ್ಲಿ ಬರೆದು, ಬಿಸಿಲು ತುಂಬಿದ ಬಾಗಿಲನ್ನು ಮಾತ್ರ ಬರಿಯ ಕಾಗದವಾಗಿ ಉಳಿಸಿದ್ದಳು. ಈಗ ಅಲ್ಲಿ ಅಚ್ಚುಕಟ್ಟಾದ ನೀಲಿ. ಪಕ್ಕದಲ್ಲಿ ಕುಂಚ ಹಿಡಿದ ಅತ್ತೆ.

"ಅಯ್ಯೋ ಅತ್ತೇ, ಏನ್ ಮಾಡಿದ್ರಿ!"

"ನೀನು ಮರೆತಿದ್ದೆ, ನಾನು ತುಂಬಿಸ್ದೆ. ಸಮರ್ಕಂದದೋರು ನೋಡಿ, ಈ ಮನೆ ಸೊಸೆ ಸೋಮಾರಿ ಅನ್ನಲ್ವಾ?"

"ನೀವೂ ಕಸೂತೀಲಿ ಒಂದೆಲೆ ಹೊಲೀದೆ ಬಿಡ್ತೀರಲ್ಲ!"

"ಅದು ಮನೇಲಿ ಇನ್ನೊಂದು ಮದುವೆ ಆಗ್ಲಿ ಅಂತ, ಮೂಲೇಲಿ ಒಂದೇ ಒಂದೆಲೆ. ನೀನು ಇಡೀ ಬಾಗ್ಲೇ ಬಿಟ್ಟಿದ್ದೀಯ. ಎಷ್ಟು ಮದುವೆ ಮಾಡ್ಬೇಕು ಅಂತಿದ್ದೀಯಮ್ಮ?"

ಅಳು ಬರುತ್ತಿದ್ದರೂ ಜುಲ್ಹುಮೋರ್‌ಗೆ ನಗು ತಡೆಯಲಾಗಲಿಲ್ಲ. ಸಮರ್ಕಂದದ ಚಿತ್ರಪ್ರದರ್ಶನಕ್ಕೆ ಹೋಗುವ ಕಾರು ಹನ್ನೊಂದಕ್ಕೆ ಬರುತ್ತದೆ. ಅವಳ ಮೊದಲ ಪ್ರದರ್ಶನ, ಇರುವುದು ಇದೊಂದೇ ಚಿತ್ರ. ಆಗಲೇ ಒಂಬತ್ತೂವರೆ.

"ಇದ್ರಲ್ಲಿ ಬಿಳಿ ಬಣ್ಣ ಹಚ್ಚೋದಿಲ್ಲ ಅತ್ತೆ. ಕಾಗದಾನೇ ಬಿಳಿ. ಅದನ್ನ ಮುಚ್ಚಿದ್ರೆ ಬೆಳಕು ಹೋಯ್ತು."

ಅತ್ತೆಯ ಮುಖ ಸಣ್ಣದಾಯಿತು. ಕುಂಚವನ್ನು ಮೆಲ್ಲಗೆ ಕೆಳಗಿಟ್ಟು, "ಬಿಚ್ಚಕ್ಕಾಗಲ್ವಾ?" ಎಂದರು.

ಬಿಚ್ಚುವುದು! ಜುಲ್ಹುಮೋರ್ ಶುದ್ಧ ನೀರಿನಲ್ಲಿ ಕುಂಚ ಅದ್ದಿ ನೀಲಿಯನ್ನು ನೆನೆಸಿದಳು, ಹತ್ತಿಬಟ್ಟೆ ಒತ್ತಿ ತೆಗೆದಳು. ಮತ್ತೆ ನೀರು, ಮತ್ತೆ ಬಟ್ಟೆ. ಏಳೆಂಟು ಸಲಕ್ಕೆ ನೀಲಿ ತೆಳುವಾಗಿ, ಧೂಳಿನ ನಡುವೆ ಇಳಿದ ಬಿಸಿಲಿನಂಥ ಮಸುಕು ಬೆಳಕು ಉಳಿಯಿತು. ಚೆನ್ನಾಗಿಯೇ ಇತ್ತು. ಆದರೆ ಹೊಸ್ತಿಲು ಮಿಂಚಬೇಕಲ್ಲ? ಕಾಗದ ಒಣಗಿದ ಮೇಲೆ ಬ್ಲೇಡಿನಿಂದ ಮೇಲುಪದರ ಕೆರೆದರೆ ಅಡಿಯ ಬಿಳಿ ಕಾಣುತ್ತದೆ. ಒಂದೆಳೆ ಹೆಚ್ಚಾದರೆ ತೂತು. ಬ್ಲೇಡನ್ನು ಕಾಗದದ ಹತ್ತಿರ ತಂದು ಮತ್ತೆ ಹಿಂದಕ್ಕೆ ತೆಗೆದಳು.

"ಕೊಡಿಲ್ಲಿ. ನಲವತ್ತು ವರ್ಷ ತಪ್ಪು ಹೊಲಿಗೆ ಬಿಚ್ಚಿದ್ದೀನಿ, ಬಟ್ಟೆಗೆ ಗೊತ್ತಾಗದ ಹಾಗೆ."

ಜುಲ್ಹುಮೋರ್ ಒಂದು ಗಳಿಗೆ ಅತ್ತೆಯ ಮುಖ ನೋಡಿದಳು. ಆಮೇಲೆ ಬ್ಲೇಡು ಕೊಟ್ಟು, ಉಸಿರು ಹಿಡಿದು, ಬೆರಳಿನಿಂದ ಗೆರೆ ತೋರಿಸಿದಳು. ಅತ್ತೆ ಕನ್ನಡಕ ಏರಿಸಿ ಬಾಗಿದರು. ಸರ್, ಸರ್, ಸರ್. ಹೊಸ್ತಿಲ ಮೇಲೆ ಎಳೆಯಷ್ಟು ಬೆಳಕು ಮೂಡಿತು, ಆಗ ತಾನೇ ನೀರು ಚಿಮುಕಿಸಿದ ಹಾಗೆ.

"ಸಾಕಾ?"

"ಸಾಕು ಅತ್ತೆ. ಎಷ್ಟು ಚೆನ್ನಾಗಿದೆ!"

"ಈ ಗೋಡೆ ಹತ್ರ ಇನ್ನೊಂಚೂರು ಕೆರೆದ್ರೆ..."

"ಅತ್ತೇ, ಕೈ ತೆಗೀರಿ!"

ಹೊರಗೆ ಕಾರಿನ ಹಾರ್ನ್ ಕೇಳಿಸಿತು.