ಹೆಣಕ್ಕೆ ಭಾವ ಬೇಡ

ಸತ್ತು ಬಿದ್ದವನ ಮೂಗಿನ ಮೇಲೆ ಇರುವೆ ಹತ್ತಿತು. ಸತ್ತವನು ಸುಮ್ಮನಿದ್ದ. ಇರುವೆ ಹೊಳ್ಳೆಯ ಅಂಚಿಗೆ ಬಂದು, ಹೊಸ್ತಿಲ ಮೇಲೆ ನಿಂತ ನೆಂಟನ ಹಾಗೆ, ಒಳಗೆ ಹೋಗಲೋ ಬೇಡವೋ ಎಂದು ಯೋಚಿಸಿತು. ಆಗಲೂ ಸುಮ್ಮನಿದ್ದ. ಬೆನ್ನ ಕೆಳಗೆ ಟಾರು ರಸ್ತೆ ಕಾದ ಹೆಂಚಾಗಿತ್ತು. ಎದೆಯ ಮೇಲೆ ಸುರಿದ ರಕ್ತ ಸಕ್ಕರೆ ಪಾಕಕ್ಕೆ ಕೆಂಪು ಬಣ್ಣ ಕಲಸಿ ಮಾಡಿದ್ದು. ಅಂಗಡಿಯ ರಕ್ತ ದುಬಾರಿ ಎಂದು ಯಜಮಾನರು ಅಡುಗೆಯವಳಿಂದಲೇ ರಕ್ತ ಕಾಯಿಸಿದ್ದರು. ಹಾಗಾಗಿ ಆ ರಸ್ತೆಯ ಇರುವೆಗಳಿಗೆಲ್ಲ ಅವತ್ತು ಔತಣ.

"ಕಟ್!"

ಸತ್ತವನು ಎದ್ದು ಕೂತು ಮೂಗು ಉಜ್ಜಿಕೊಂಡ.

ದೇವರು ಒಬ್ಬೊಬ್ಬರ ಕೈಗೆ ಒಂದೊಂದು ವಿದ್ಯೆ ಕೊಟ್ಟು ಕಳಿಸುತ್ತಾನೆ ಎನ್ನುತ್ತಾರೆ ಹಿರಿಯರು. ಒಬ್ಬನಿಗೆ ಹಾಡು, ಒಬ್ಬನಿಗೆ ಉಳಿ, ಒಬ್ಬಳಿಗೆ ಸೂಜಿ. ಇವನ ಸರದಿ ಬರುವ ಹೊತ್ತಿಗೆ ದೇವರ ಚೀಲ ಬರಿದಾಗಿತ್ತೋ ಏನೋ, 'ಹೋಗು, ಸುಮ್ಮನೆ ಬಿದ್ದುಕೋ' ಎಂದು ಕಳಿಸಿಬಿಟ್ಟ. ಇವನು ಅದನ್ನೇ ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ಸಿನಿಮಾಗಳಲ್ಲಿ ಹೆಣವಾದ. ಅಪ್ಪ ಅಮ್ಮ ಇಟ್ಟ ಹೆಸರು ಪಕ್ಕಕ್ಕೆ ಸರಿದು ಎಲ್ಲರ ಬಾಯಲ್ಲೂ ಹೆಣದಣ್ಣನಾದ. "ಎಲ್ಲರೂ ಬದುಕಿ ಸಾಯ್ತಾರೆ. ನಾನು ಸತ್ತು ಸತ್ತು ಬದುಕ್ತೀನಿ" ಎಂದು ತಾನೇ ಹೇಳಿ ತಾನೇ ನಗುತ್ತಿದ್ದ.

ಈ ಸಲದ ಸಿನಿಮಾ ಒಬ್ಬ ಬಾಡಿಗೆ ಕೊಲೆಗಾರನದು. ಅವನು ಬೈಕ್ ಹತ್ತಿ ಊರಿಂದ ಊರಿಗೆ ಹೋಗುತ್ತಾನೆ, ಊರಿಗೊಬ್ಬನನ್ನು ಮುಗಿಸುತ್ತಾನೆ. ಬಾಡಿಗೆ ಕೊಲೆಗಾರ, ಬಾಡಿಗೆ ಬೈಕು, ಬಾಡಿಗೆ ಕ್ಯಾಮೆರಾ. ಊರಿಗೊಂದು ಹೆಣ ತರಿಸುವ ಶಕ್ತಿ ದುಡ್ಡು ಹಾಕಿದ ಯಜಮಾನರಿಗಿರಲಿಲ್ಲ. ಎಲ್ಲ ಊರಲ್ಲೂ ಹೆಣದಣ್ಣನೇ ಸಾಯಬೇಕು. ಒಂದೂರಲ್ಲಿ ಮೀಸೆ ಅಂಟಿಸಿಕೊಂಡು ಸಾಹುಕಾರನಾಗಿ ಸತ್ತ. ಇನ್ನೊಂದೂರಲ್ಲಿ ಮೀಸೆ ಕಿತ್ತು ವಕೀಲನಾಗಿ ಸತ್ತ. ಮತ್ತೊಂದರಲ್ಲಿ ಬೋರಲು ಬಿದ್ದು ಯಾರೋ ಆಗಿ ಸತ್ತ.

"ಜನಕ್ಕೆ ಗೊತ್ತಾಗಲ್ವಾ ಯಜಮಾನ್ರೇ, ಎಲ್ಲಾ ಒಬ್ಬನೇ ಅಂತ?" ಎಂದು ಒಮ್ಮೆ ಕೇಳಿದ್ದ.

"ನಿನ್ನಂಥವನ ಮುಖ ಯಾರಯ್ಯ ನೆನಪಿಟ್ಕೋತಾರೆ?"

ಹೆಣದಣ್ಣ ಯೋಚಿಸಿದ. ಮಾತು ನಿಜವೇ. ಮನೆ ಮಾಲೀಕನೂ ಬಾಡಿಗೆಯ ದಿನ ಬಿಟ್ಟರೆ ಅವನ ಗುರುತು ಹಿಡಿಯುತ್ತಿರಲಿಲ್ಲ.

ಊಟವೂ ಅವನಿಗೆ ಎಲ್ಲರ ಕೊನೆಗೆ. ಕೂಲಿಯೂ ಎಲ್ಲರಿಗಿಂತ ಕಡಿಮೆ. "ಮಲಗೋಕೂ ಕೂಲಿನಾ? ನಾನೂ ಬರ್ತೀನಿ, ನಂಗೂ ಕೊಡಿಸು" ಎಂದು ಯಜಮಾನರು ನಗುತ್ತಿದ್ದರು. ಅವರು ನಕ್ಕರೆಂದು ಇವನೂ ನಗುತ್ತಿದ್ದ. 'ಕಟ್' ಎನ್ನುವ ಮೊದಲು ಮಿಸುಕಿದ ಹೆಣಕ್ಕೆ ಆ ನಗುವೂ ಇಲ್ಲ, ಕೂಲಿಯೂ ಇಲ್ಲ.

ಕೊಲೆಗಾರನ ಮುಖ ತೋರಿಸುವಾಗ ಹೀರೋ ಬರುತ್ತಿದ್ದ. ಬೈಕ್ ಓಡಿಸುವುದು, ಹಾರಿಸುವುದು, ಬೀಳುವುದು ಎಲ್ಲ ಡೂಪ್ ಹುಡುಗನ ಪಾಲು. ಹೀರೋನ ಅಂಗಿ ತೊಟ್ಟು ಬೆನ್ನು ತೋರಿಸುವ ಆ ಡೂಪ್ ಬೇರೆ ಯಾರೂ ಅಲ್ಲ, ಹೆಣದಣ್ಣನ ಹೆಂಡತಿಯ ತಮ್ಮ. ಗ್ಯಾರೇಜಿನಲ್ಲಿ ಕೆಲಸ ಹೋಗಿ ಕೂತಿದ್ದವನನ್ನು ಇವನೇ ಕರೆತಂದಿದ್ದ. "ಹೆಂಡತಿ ಕಡೆಯೋರು ಅಳಿಯನ್ನ ಮಾತಲ್ಲಿ ಕೊಲ್ಲೋದು ಎಲ್ಲಾ ಕಡೆ ಇದ್ದದ್ದೇ" ಎಂದು ಹೆಣದಣ್ಣ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ. "ನಮ್ಮ ಮನೇಲಿ ಕೂಲಿ ತಗೊಂಡು ಕೊಲ್ತಾರೆ."

ಹೆಂಡತಿ ಮಾತ್ರ ನಕ್ಕಿರಲಿಲ್ಲ. ಹೊರಡುವಾಗ, "ನೀವು ಬಿದ್ರೆ ಎದ್ದು ಬರ್ತೀರಿ. ಅವನು ಬೀಳೋದು ನಿಜವಾದ ಬೀಳೋದು. ನೋಡ್ಕೊಳ್ಳಿ" ಎಂದಿದ್ದಳು.

ಅವತ್ತಿನದು ಕೊನೆಯ ಕೊಲೆ. ಹೆಣದಣ್ಣ ರಸ್ತೆಯ ನಡುವೆ ಬಿದ್ದಿರಬೇಕು. ಕೊಲೆಗಾರ ದೂರದಿಂದ ಬೈಕಿನಲ್ಲಿ ಬಂದು, ಹೆಣದ ಪಕ್ಕದಲ್ಲೇ ಗಕ್ಕನೆ ನಿಲ್ಲಿಸಿ, ಒಮ್ಮೆ ನೋಡಿ ಹೋಗಬೇಕು. ಡೈರೆಕ್ಟರ್ ಬಗ್ಗಿ ಹೆಣದ ಮುಖ ಪರೀಕ್ಷಿಸಿದರು.

"ಹೆಣದಣ್ಣಾ, ಮುಖದಲ್ಲಿ ಏನೋ ಕಾಣ್ತಿದೆ."

"ಬಿಸಿಲು ಸಾರ್. ಬೆನ್ನು ಸುಡ್ತಿದೆ."

"ಸುಡ್ಲಿ. ಮುಖಕ್ಕೆ ತರಬೇಡ. ಹೆಣಕ್ಕೆ ಭಾವ ಬೇಡ."

"ನಂಗೆ ಬೇಕು ಸಾರ್!" ಎಂದು ಬೈಕಿನ ಮೇಲಿಂದ ಡೂಪ್ ಕೂಗಿದ. "ಇರೋದೊಬ್ಬನೇ ಭಾವ!"

ಎಲ್ಲರೂ ನಕ್ಕರು. ನಕ್ಕು ಮುಗಿದ ಮೇಲೆ ಡೂಪ್ ಯಜಮಾನರ ಹತ್ತಿರ ಹೋಗಿ ತಲೆ ಕೆರೆದುಕೊಂಡ. "ಹಿಂದಿನ ಬ್ರೇಕು ಹಿಡೀತಿಲ್ಲ ಯಜಮಾನ್ರೇ. ಒಂದು ಗಂಟೆ ಕೊಟ್ರೆ ನಾನೇ ಬಿಚ್ಚಿ ಸರಿ ಮಾಡ್ತೀನಿ."

"ಕೊಲೆಗಾರನಿಗೆ ಯಾಕಯ್ಯ ಬ್ರೇಕು? ಬೆಳಕು ಹೋಗ್ತಿದೆ."

"ಹಂಗಾದ್ರೆ ಮಂಡಿಗೆ ಕಟ್ಟೋ ಗಾರ್ಡಾದ್ರೂ..."

ಗಾರ್ಡ್ ಇದ್ದದ್ದು ಒಂದೇ ಜೊತೆ. ಅದನ್ನು ಹೀರೋ ಪ್ಯಾಂಟಿನ ಒಳಗೆ ಕಟ್ಟಿಕೊಂಡು ಯಜಮಾನರ ಕಾರಿನ ತಂಪಿನಲ್ಲಿ ಕೂತಿದ್ದ. ಅವನು ಬೈಕ್ ಹತ್ತುವವನಲ್ಲ. ಆದರೂ ಗಾರ್ಡ್ ಕಟ್ಟಿದರೆ ನಡಿಗೆಗೆ ಒಂದು ಗತ್ತು ಬರುತ್ತದಂತೆ.

"ಆಕ್ಷನ್!"

ಹೆಣದಣ್ಣ ಕಣ್ಣು ಮುಚ್ಚಿದ. ಬೈಕಿನ ಸದ್ದು ಹತ್ತಿರವಾಯಿತು. ಇನ್ನೂ ಹತ್ತಿರವಾಯಿತು. ನಿಲ್ಲಬೇಕಾದ ಕಡೆ ನಿಲ್ಲಲಿಲ್ಲ. ಒಮ್ಮೆಲೇ ಟೈರು ಕಿರುಚಿತು, ಬಿಸಿ ಗಾಳಿಯೊಂದು ಕಿವಿ ಸವರಿ ಹೋಯಿತು, ರಸ್ತೆ ಬದಿಯ ಜಲ್ಲಿ ರಾಶಿ ದಬದಬ ಕುಸಿಯಿತು.

ಆಮೇಲೆ ಒಂದು ದನಿ. "ಭಾವಾ... ಭಾವಾ..."

'ಪರವಾಗಿಲ್ಲ, ಹುಡುಗ ಚೆನ್ನಾಗಿ ನರಳ್ತಾನೆ' ಎಂದುಕೊಂಡ ಹೆಣದಣ್ಣ.

"ಯಾರೂ ಕಟ್ ಹೇಳ್ಬೇಡಿ!" ಡೈರೆಕ್ಟರ್ ಪಿಸುಗುಟ್ಟುವುದು ಕೇಳಿಸಿತು. "ಆಹಾ, ಎಷ್ಟು ನೈಜವಾಗಿದೆ ನೋಡಿ!"

"ಭಾವಾ... ಕಾಲು..."

ಯಾವ ಕೊಲೆಗಾರ ತಾನು ಕೊಂದವನನ್ನು ಭಾವ ಎಂದು ಕರೆಯುತ್ತಾನೆ? ಎಳೆಯ ಮಗುವಿಗೂ ಹೊಳೆಯುವ ಮಾತು. ಹೆಣದಣ್ಣನಿಗೂ ಹೊಳೆಯಿತು. ತಲೆಗೆ ಹೊಳೆಯಿತು, ಕೈಕಾಲಿಗೆ ಹೊಳೆಯಲಿಲ್ಲ. ಅವು ಕಟ್‌ಗಾಗಿ ಕಾದವು. ರೆಪ್ಪೆ ಅದುರಲಿಲ್ಲ, ಉಸಿರು ಏರಲಿಲ್ಲ. ಇಷ್ಟು ವರ್ಷದಲ್ಲಿ ಅಷ್ಟು ಚೆನ್ನಾಗಿ ಅವನು ಒಮ್ಮೆಯೂ ಸತ್ತಿರಲಿಲ್ಲ.

"ಕಟ್! ಸೂಪರ್!"

ಆಗ ಎದ್ದು ಓಡಿದ. ಡೂಪ್ ಜಲ್ಲಿಯ ಮೇಲೆ ಬಿದ್ದಿದ್ದ, ಮೇಲೆ ಬೈಕು. ಮಂಡಿಯ ಕೆಳಗೆ ಕಾಲು ಯಾರದೋ ಕಾಲಿನ ಹಾಗೆ ಬೇರೆ ಕಡೆ ತಿರುಗಿತ್ತು. ಅಲ್ಲಿ ಹರಿಯುತ್ತಿದ್ದ ರಕ್ತಕ್ಕೆ ಇರುವೆ ಮುತ್ತಿರಲಿಲ್ಲ.

"ಬ್ರೇಕ್ ಹಿಡೀಲಿಲ್ಲ ಭಾವ. ನಿನ್ನ ಮೇಲೆ ಹತ್ತಿಸ್ಬಿಡ್ತೀನಿ ಅಂತ ಹ್ಯಾಂಡಲ್ ತಿರುಗಿಸ್ದೆ."

ಅಡುಗೆಯವಳು ಓಡಿಬಂದು ಸೆರಗು ಹರಿದು ತೊಡೆಗೆ ಬಿಗಿದಳು. ಮೇಕಪ್ ಮುದುಕ ಬಾಯಿಗೆ ನೀರು ಬಿಟ್ಟ. ಲೈಟಿನವರು ಬೈಕ್ ಎತ್ತಿದರು. ಸಾಮಾನಿನ ವ್ಯಾನು ಊರಿಗೆ ಹೋಗಿತ್ತು. ಉಳಿದದ್ದು ಯಜಮಾನರ ಕಾರು ಒಂದೇ.

"ಯಜಮಾನ್ರೇ, ಕಾರು! ಬೇಗ!" ಎಂದ ಹೆಣದಣ್ಣ.

"ಕಳಿಸೋಣ, ಕಳಿಸೋಣ. ಎಲ್ಲಿ ಹೋಗುತ್ತೆ ಕಾರು?" ಯಜಮಾನರು ಆಕಾಶ ನೋಡಿದರು. "ಬೆಳಕಿರೋವಾಗ್ಲೇ ನಿನ್ನ ಮುಖದ ಶಾಟ್ ಒಂದು ಮುಗಿಸಿಬಿಡು. ಎರಡು ನಿಮಿಷ. ಇನ್ನೊಂದು ಮಾತು, ಎಲ್ರೂ ಕೇಳಿಸ್ಕೊಳ್ಳಿ. ಯಾರಾದ್ರೂ ಕೇಳಿದ್ರೆ ದಾರೀಲಿ ಹೋಗ್ತಿದ್ದ ಯಾರೋ ಬಿದ್ದ ಅನ್ನಿ. ನಮ್ಮೋನು ಅನ್ಬೇಡಿ. ನಾಳೆ ಕೋರ್ಟು ಕಚೇರಿ ಅಂತ ಅಲೆಯೋರು ಯಾರು?"

ಹೆಣದಣ್ಣ ಏನು ಮಾಡಿದ ಎಂದು ಹೇಳಲು ನಾಚಿಕೆಯಾಗುತ್ತದೆ. ಆದರೆ ಕಥೆ ಹೇಳುವವರು ಮರೆಮಾಚಬಾರದು. ಅವನು ಹೋಗಿ ಮಲಗಿದ. 'ಎರಡು ನಿಮಿಷ ತಾನೇ' ಎಂದು ಮಲಗಿದ. ಮಲಗು ಎಂದರೆ ಮಲಗುವುದು ಬಿಟ್ಟು ಬೇರೇನೂ ಕಲಿಯದವನು.

ಕ್ಯಾಮೆರಾ ಮುಖದ ಮೇಲೆ ಬಗ್ಗಿತು. ಪಾಕ ಸುರಿದರು. ಹೆಣದಣ್ಣ ಕಣ್ಣು ಮುಚ್ಚಿದ. ಸಾಯಲು ನೋಡಿದ. ಆಗಲಿಲ್ಲ. ಎದೆ ಕಮ್ಮಾರನ ತಿದಿಯ ಹಾಗೆ ಏರಿ ಇಳಿಯಿತು. ಮುಚ್ಚಿದ ಕಣ್ಣಿನ ಸಂದಿಯಿಂದ ನೀರು ಇಳಿದು, ಪಾಕದ ರಕ್ತದ ನಡುವೆ ಬಿಳಿ ಗೆರೆ ಎಳೆಯಿತು.

"ಕಟ್, ಕಟ್! ಹೆಣ ಅಳ್ತಿದೆ!" ಡೈರೆಕ್ಟರ್ ತಲೆ ಚಚ್ಚಿಕೊಂಡರು. "ಭಾವ ಬೇಡ ಅಂತ ಎಷ್ಟು ಸಲ ಹೇಳ್ಬೇಕು ನಿಂಗೆ?"

ಹೆಣದಣ್ಣ ಎದ್ದ. ಮುಖದ ಪಾಕ ಅಂಗೈಯಲ್ಲಿ ಒರೆಸಿ ಅಂಗಿಗೆ ಸವರಿದ.

"ಬೇಡದೇ ಇರೋದು ನಿಮಗೆ ಸಾರ್. ಅಲ್ಲಿ ಬಿದ್ದಿರೋನಿಗೆ ಬೇಕು."

"ಏಯ್, ಮಲಗು!" ಎಂದರು ಯಜಮಾನರು.

"ಮಲಗ್ತೀನಿ. ಆದ್ರೆ ಎಲ್ಲಿ ಅಂತ ನಾನು ಹೇಳ್ತೀನಿ ಈ ಸಲ."

ನೇರ ಹೋಗಿ ಕಾರಿನ ಮುಂದೆ, ಚಕ್ರಕ್ಕೆ ಎದೆ ಕೊಟ್ಟು ಮಲಗಿದ.

ಯಜಮಾನರಿಗೆ ಸಿಟ್ಟು ನೆತ್ತಿಗೇರಿತು. ಹಿಂದಿನ ಸೀಟಿನಲ್ಲಿ ಹೀರೋ ಪಕ್ಕ ಕೂತು ಬಾಗಿಲು ಬಡಿದರು. "ಡ್ರೈವರ್, ಗಾಡಿ ತೆಗಿ. ಎದ್ದೇ ಏಳ್ತಾನೆ. ನಾಟಕದೋನು."

ಎಂಜಿನ್ ಗುರುಗುಟ್ಟಿತು. ಹೆಣದಣ್ಣನ ಎದೆ ಢವಢವ ಹೊಡೆದುಕೊಂಡಿತು, ಮೂಗು ಸೋರಿತು. ಹೆಣದ ಲಕ್ಷಣ ಒಂದೂ ಇರಲಿಲ್ಲ. ಆದರೂ ಏಳಲಿಲ್ಲ.

"ಸರ್ಕೊಳ್ಳಪ್ಪ ಸ್ವಲ್ಪ" ಎಂದಿತು ಪಕ್ಕದಲ್ಲೊಂದು ದನಿ. ಅಡುಗೆಯವಳು. ಮಂಡಿ ನೋವಿನವಳು, ಅಮ್ಮಾ ಎನ್ನುತ್ತ ಕೂತು, ಆಮೇಲೆ ಒರಗಿದಳು. "ಜೀವಮಾನ ಪೂರ್ತಿ ಒಲೆ ಮುಂದೆ ನಿಂತೇ ಇದ್ದೆ. ದೇವರು ಇವತ್ತು ಮಲಗಿಸಿದ."

ಮೇಕಪ್ ಮುದುಕ ಕನ್ನಡಕ ಜೇಬಿಗಿಟ್ಟು ಮಲಗಿದ. ಲೈಟಿನವರು ಒಬ್ಬರ ಮುಖ ಒಬ್ಬರು ನೋಡಿ, ಲೈಟು ಆರಿಸಿ ಬಂದು ಮಲಗಿದರು. ನಿಂತವರು ಡೈರೆಕ್ಟರ್ ಒಬ್ಬರೇ. ಎಲ್ಲಿ ನಿಲ್ಲಬೇಕೆಂದು ಅವರಿಗೆ ಹೇಳಿಕೊಡಲು ಯಾರೂ ಇರಲಿಲ್ಲ.

ಡ್ರೈವರ್ ಗಾಜಿನಿಂದಾಚೆ ಸಾಲಾಗಿ ಬಿದ್ದವರನ್ನು ನೋಡಿದ. ಎಂಜಿನ್ ಆರಿಸಿದ. ಕೀಲಿ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ. ಇಳಿದು ಬಂದು ಹಿಂದಿನ ಬಾಗಿಲು ತೆರೆದ.

"ಇಳೀರಿ ಯಜಮಾನ್ರೇ. ಹೀರೋ ಸಾರ್, ನೀವೂ. ಕಾಲು ಚಾಚೋಕೆ ಸೀಟು ಪೂರ್ತಿ ಬೇಕು."

"ಯಾರ ಕಾರು ಅಂತ ಗೊತ್ತೇನೋ ನಿಂಗೆ?"

"ಗೊತ್ತು. ಓಡಿಸೋದು ಯಾರು ಅಂತ ನಿಮಗೂ ಗೊತ್ತು."

ಇಬ್ಬರೂ ಇಳಿದರು. ಮಲಗಿದವರೆಲ್ಲ ಎದ್ದು ಹುಡುಗನನ್ನು ಎತ್ತಿ ಸೀಟಿಗೆ ಸೇರಿಸಿದರು. ತಲೆ ಹೆಣದಣ್ಣನ ತೊಡೆಯ ಮೇಲೆ. ಕಾರು ತಿರುಗಿ ಆಸ್ಪತ್ರೆಯ ದಾರಿ ಹಿಡಿಯಿತು.

"ಭಾವ" ಎಂದ ಹುಡುಗ, ಕಣ್ಣು ತೆರೆಯದೆ. "ಶಾಟ್ ಓಕೆ ಆಯ್ತಾ?"

"ನಿಂದು ಓಕೆ ಕಣೋ" ಎಂದ ಹೆಣದಣ್ಣ. "ನಂದು ಕೆಟ್ಟೋಯ್ತು. ನಡುವೆ ಎದ್ಬಿಟ್ಟೆ."