ಸರದಾರನನ್ನು ಮನೆ ಮುಟ್ಟಿಸಿದ ಮಡಿವಾಳೆಪ್ಪ

ಸೋಮವಾರ ಬಸವಣ್ಣನ ವಾರ. ಮಿಶ್ರಿಕೋಟಿಯಲ್ಲಿ ಆ ದಿನ ಯಾರೂ ಎತ್ತಿನ ಹೆಗಲಿಗೆ ನೊಗ ಏರಿಸುವುದಿಲ್ಲ. ಎತ್ತಿಗೆ ಬಿಡುವಾದರೆ ಮನುಷ್ಯನಿಗೂ ಬಿಡುವು, ಮನುಷ್ಯನಿಗೆ ಬಿಡುವಾದರೆ ಕಥೆಯ ಹಸಿವು. ಹೀಗಾಗಿ ಒಂಬತ್ತು ವರ್ಷಗಳಿಂದ ಆ ಊರಲ್ಲಿ ಚುಕ್ಕಿ ಹಡಗಿನ ಕಥೆ ನಡೆದದ್ದೆಲ್ಲ ಸೋಮವಾರ ಮಧ್ಯಾಹ್ನವೇ, ಬಸ್ಸು ನಿಲ್ಲುವ ಬೇವಿನ ಕಟ್ಟೆಯ ಮೇಲೆ.

ಹೇಳುವವನು ಮಡಿವಾಳೆಪ್ಪ. ಶ್ರಾವಣ ಬಂತೆಂದರೆ ಬಸವಣ್ಣನ ಗುಡಿಯಲ್ಲಿ ತಿಂಗಳಿಡೀ ಶರಣರ ಪುರಾಣ ಹೇಳುವವನೂ ಅವನೇ. ಒಮ್ಮೆ ಹುಬ್ಬಳ್ಳಿಗೆ ಹೋದಾಗ ಮಳೆ ಬಂತೆಂದು ಟಾಕೀಸಿನೊಳಗೆ ಹೊಕ್ಕವನು, ಚುಕ್ಕಿಗಳ ನಡುವೆ ತೇಲುವ ಹಡಗಿನ ಇಂಗ್ಲಿಷ್ ಸಿನಿಮಾ ನೋಡುತ್ತ ಮಳೆ ನಿಂತದ್ದನ್ನೇ ಮರೆತುಬಿಟ್ಟಿದ್ದ. ಅವನಿಗೆ ಇಂಗ್ಲಿಷು ಒಂದಕ್ಷರ ಬಾರದು, ಆದರೆ ಮುಖ ಓದಲು ಬರುತ್ತಿತ್ತು. ಹಡಗಿನ ನಾಯಕ ಅವನ ಬಾಯಲ್ಲಿ ಸರದಾರನಾದ. ಎರಡು ವರ್ಷಕ್ಕೋ ಮೂರು ವರ್ಷಕ್ಕೋ ಒಂದು ಹೊಸ ಭಾಗ ಬರುತ್ತಿತ್ತು. ಮಡಿವಾಳೆಪ್ಪ ನೋಡಿ ಬಂದು ಹೇಳಿದರೆ, ಮುಂದಿನ ಭಾಗ ಬರುವ ತನಕ ಊರು ಅದನ್ನೇ ಮೆಲುಕು ಹಾಕುತ್ತಿತ್ತು.

ನಾಲ್ಕನೆಯ ಭಾಗವನ್ನು ಮಾತ್ರ ಅವನಿಗಿಂತ ಮೊದಲೇ ಲಕ್ಕಪ್ಪ ನೋಡಿ ಬಂದ. ಕೆಳಗಿನ ಓಣಿಯ ಲಕ್ಕಪ್ಪ ಹುಬ್ಬಳ್ಳಿಯಲ್ಲಿ ಬಿ.ಎ. ಓದುತ್ತಿದ್ದ. ಗುಡಿಯಲ್ಲಿ ಪುರಾಣ ನಡೆಯುವಾಗ ಅವನ ಓಣಿಯವರು ಹೊರಗಿನ ಮೆಟ್ಟಿಲ ಬಳಿ ಕೂತು ಕೇಳುತ್ತಿದ್ದರು. ಬೇವಿನ ಕಟ್ಟೆಗೆ ಆ ಕಟ್ಟಳೆ ಇರಲಿಲ್ಲ.

“ಮಡಿವಾಳೆಪ್ಪಾರ, ಒಂದ ಮಾತ ಕೇಳತೀನಿ, ಸಿಟ್ಟಾಗಬ್ಯಾಡ್ರಿ” ಅಂದ ಲಕ್ಕಪ್ಪ. “ಸರದಾರ ಮನೀಗೆ ಬಂದೇ ಇಲ್ಲಲ್ರಿ?”

ಮೂರು ವರ್ಷದ ಹಿಂದೆ ಇದೇ ಕಟ್ಟೆಯ ಮೇಲೆ ಮಡಿವಾಳೆಪ್ಪ ಹೇಳಿದ ಮೂರನೆಯ ಭಾಗದಲ್ಲಿ ಸರದಾರ ಹಣೆಗೆ ನೆತ್ತರು ತೊಯ್ದ ಪಟ್ಟಿ ಕಟ್ಟಿಕೊಂಡು, ಉಳಿದವರ ಜೀವ ಉಳಿಸಲು ಒಬ್ಬನೇ ಒಂದು ಸಣ್ಣ ಡಬ್ಬಿಯೊಳಗೆ ಕೂತು ಕತ್ತಲಿಗೆ ಹೊರಟಿದ್ದ. ಆಮೇಲೆ ಮನೆ ಮುಟ್ಟಿದ್ದ. ಮೊದಲನೆಯ ಭಾಗದಿಂದಲೂ ಬಾಗಿಲಲ್ಲಿ ನಿಂತಿದ್ದ ತಾಯಿ ಅವನ ಕಾಲು ತೊಳೆದು ಆರತಿ ಎತ್ತಿದ್ದಳು. ಮಡಿವಾಳೆಪ್ಪ ಅಲ್ಲಿಗೇ ಮಂಗಳ ಹಾಡಿ ಮುಗಿಸಿದ್ದ.

“ಬರದ ಎಲ್ಲಿ ಹೋಗ್ಯಾನ?” ರೇವವ್ವ ಮುಂದೆ ಸರಿದಳು. ಎಪ್ಪತ್ತರ ಮುದುಕಿ, ಒಂದು ಸೋಮವಾರವನ್ನೂ ತಪ್ಪಿಸಿದವಳಲ್ಲ. “ನಾನಽ ಕೈಯಾರೆ ಕಾಯಿ ಒಡದೀನಿ. ಕೊಬ್ರಿ ಬೆಲ್ಲಾ ತಿಂದು ಬಾಯಿ ಒರಸ್ಕೊಂಡವ ನೀನಽ. ಈಗ ಬಂದೇ ಇಲ್ಲ ಅಂತಿ?”

“ಆಯಿ, ಹೊಸಾದ್ರಾಗ ಅವ ಇನ್ನೂ ಅದಽ ಡಬ್ಬಿಯೊಳಗ ಅದಾನ. ಕತ್ತಲದಾಗ ತೇಲಕೋತ ಹೊಂಟಾನ.”

“ಅದಕ್ಕೇನಾತಲೇ?” ಸೈಕಲ್ ಅಂಗಡಿಯ ಸಿರಾಜುದ್ದೀನ ಎದ್ದು ಕೂತ. “ಮನೀಗೆ ಬಂದ, ಅವ್ವನ ಕೈಯಾಗ ನಾಕ ದಿನಾ ರೊಟ್ಟಿ ತಿಂದ, ಮತ್ತ ಡ್ಯೂಟಿಗೆ ಹೋದ. ನಮ್ಮ ಮಾವನ ಮಗಾ ಮಿಲ್ಟ್ರಿಯಾಗ ಇಲ್ಲೇನು? ರಜಾ ಮುಗದ ಮ್ಯಾಲ ಯಾರ ಬಿಡತಾರ?”

“ಹಂಗಾರ ಹಣಿ ಮ್ಯಾಲಿನ ಪಟ್ಟಿ, ಸಿರಾಜಣ್ಣಾ? ಅದಽ ಪಟ್ಟಿ, ಅದಽ ರಗತ, ಇನ್ನೂ ಹಸೀ ಐತಿ. ಮನೀಗೆ ಹೋಗಿದ್ರ ಹಡದ ತಾಯಿ ಆ ಅರಿವಿ ಬಿಚ್ಚತಿದ್ದಿಲ್ಲೇನು?”

“ಮತ್ತ ಬಡಕೊಂಡಿರಬೇಕು.”

“ಅದಽ ಜಾಗಾಕ್ಕ?”

“ಡಬ್ಬಿ ಸಣ್ಣದಲೇ. ಎದ್ದಾಗೊಮ್ಮೆ ಅಲ್ಲೇ ಬಡೀತೈತಿ.”

ಕಟ್ಟೆಯೆಲ್ಲ ನಕ್ಕಿತು. ರೇವವ್ವ ನಗಲಿಲ್ಲ. “ಸಿನಿಮಾದವ್ರಿಗೆ ಗೊತ್ತಾಗಿಲ್ಲ ತಮ್ಮಾ. ಅವರು ಹಡಗದ ಹಿಂದ ಹೋಗ್ಯಾರ, ಇವ ಈ ಕಡೆ ಮನೀ ದಾರಿ ಹಿಡದಾನ. ಯಾರರೆ ಹೋಗಿ ಅವ್ರಿಗೆ ತಿಳಿಸಬೇಕು.”

ಎಲ್ಲರೂ ಮಡಿವಾಳೆಪ್ಪನ ಕಡೆ ತಿರುಗಿದರು. “ನೋಡ್ಕೊಂಡ ಬಂದು ಹೇಳತೀನಿ” ಅಂದ ಅವನು. “ಮುಂದಿನ ಸೋಮವಾರ.”

ನೋಡುವ ಅಗತ್ಯ ಇರಲಿಲ್ಲ. ಮೂರನೆಯ ಭಾಗದ ಕೊನೆಗೆ ಸರದಾರ ಕತ್ತಲಿಗೆ ಹೊರಟಿದ್ದಷ್ಟೇ ನಿಜ. ಪರದೆ ಕಪ್ಪಾಗಿ ಟಾಕೀಸಿನ ದೀಪ ಹತ್ತಿದ್ದವು. ಮನೆ, ಕಾಲು ತೊಳೆದ ನೀರು, ಆರತಿ ಎಲ್ಲ ಮಡಿವಾಳೆಪ್ಪನ ನಾಲಿಗೆಯ ಮೇಲೆ ಹುಟ್ಟಿದ್ದು. ಮಂಗಳ ಹಾಡದೆ ಪುರಾಣ ಮುಚ್ಚಿದರೆ ಕೇಳಿದವರ ಮನಸ್ಸು ದಾರಿಯಲ್ಲೇ ಉಳಿದುಬಿಡುತ್ತದೆ ಎಂದು ಅವನಪ್ಪ ಕಲಿಸಿದ್ದ. ಅಂದು ರೇವವ್ವ “ಮನೀಗೆ ಬಂದನೋ ಇಲ್ಲೋ?” ಎಂದು ಕೇಳಿದಾಗ, ಕಥೆಯನ್ನು ಅಲ್ಲೇ ಬಿಟ್ಟು ಏಳಲು ಅವನಿಂದ ಆಗಿರಲಿಲ್ಲ.

ಮನೆಯ ದಾರಿಯಲ್ಲಿ ಗುಡಿಯ ಹಿರಿಯ ಶಂಭುಲಿಂಗಪ್ಪ ಜತೆಯಾದ. ಮಡಿವಾಳೆಪ್ಪ ಅವನಿಗೆ ಇದ್ದದ್ದು ಇದ್ದ ಹಾಗೆ ಹೇಳಿದ. ಶಂಭುಲಿಂಗಪ್ಪ ನಿಂತ.

“ನನ್ನ ಮುಂದ ಹೇಳಿದಿ, ಮುಗೀತು. ಅವರ ಮುಂದ ಹೇಳಬ್ಯಾಡ. ಸರದಾರ ಬಂದರೇನು, ಬಿಟ್ಟರೇನು? ಆದ್ರ ನೀ ಒಮ್ಮೆ ಸುಳ್ಳ ಹೇಳೀನಿ ಅಂದಿ ಅಂದ್ರ, ಶ್ರಾವಣದಾಗ ಶರಣರ ಕತಿ ಹೇಳೂವಾಗ ಒಬ್ಬೊಬ್ಬರೂ ಅದನ್ನಽ ನೆನಸತಾರ. ಇದು ಪುಸ್ತಕದಾಗ ಐತೋ, ಮಡಿವಾಳೆಪ್ಪನ ಬಾಯಾಗ ಹುಟ್ಟೇತೋ ಅಂತ. ನಿನ್ನ ಹೆಸರ ಹೋದ್ರ ಹೋಗ್ಲಿ, ಪುರಾಣದ್ದ ಹೋಗಬಾರದು.”

ಮಾತು ಸುಳ್ಳಾಗಿರಲಿಲ್ಲ. ಅದಕ್ಕೇ ಅದು ಅವನನ್ನು ವಾರವಿಡೀ ಕಾಡಿತು.

ಶನಿವಾರ ಬೆಳಗಿನ ಬಸ್ಸಿಗೆ ಹುಬ್ಬಳ್ಳಿಗೆ ಹೋಗಿ, ಮಡಿವಾಳೆಪ್ಪ ಮೊದಲ ಆಟಕ್ಕೇ ಕೂತ. ಲಕ್ಕಪ್ಪ ಹೇಳಿದಂತೆಯೇ ಇತ್ತು. ಡಬ್ಬಿ ತೇಲುತ್ತಿತ್ತು. ಒಂದು ಗಳಿಗೆ ಸರದಾರನ ಮುಖ ಪರದೆಯ ತುಂಬ ಬಂತು. ಪಟ್ಟಿ ಹಸಿಯಾಗಿತ್ತು, ತುಟಿ ಒಣಗಿತ್ತು. ಅವನೇನೋ ಅಂದ. ಅಂದದ್ದು ತಿಳಿಯಲಿಲ್ಲ. ಆದರೆ ಮುಖ ಓದುವವನಿಗೆ ಆ ಮುಖ ಸ್ಪಷ್ಟವಾಗಿ ಕೇಳುತ್ತಿತ್ತು: ನಾನು ಮನೆಯಲ್ಲಿ ಉಂಡು ಮಲಗಿದ್ದೇನೆಂದು ಹೇಳಿದೆಯಲ್ಲ, ಇನ್ನು ನನ್ನ ಹಾದಿ ಯಾರು ಕಾಯುತ್ತಾರೆ?

ಬಸ್ಸಿನಲ್ಲಿ ತಿರುಗಿ ಬರುವಾಗ ಅವನಿಗೆ ಗುಡಿಯ ನೆನಪು. ಪುರಾಣಕ್ಕೆ ಇಬ್ಬರು ಬೇಕು. ಒಬ್ಬ ಪುಸ್ತಕ ನೋಡಿ ಪದ್ಯ ಓದಬೇಕು, ಇನ್ನೊಬ್ಬ ಅರ್ಥ ಬಿಡಿಸಬೇಕು. ಓದುತ್ತಿದ್ದ ಈರಬಸಪ್ಪ ತೀರಿಕೊಂಡು ಐದು ವರ್ಷವಾಗಿತ್ತು. ಅಂದಿನಿಂದ ಎರಡನ್ನೂ ತಾನೇ ಮಾಡುತ್ತ ಬಂದಿದ್ದ, ಅದೂ ಹೆಚ್ಚಾಗಿ ಪುಸ್ತಕ ತೆರೆಯದೆ. ಒಂದಕ್ಷರ ಕೂಡಿಸಿದ್ದಿಲ್ಲ. ಕೂಡಿಸಿದ್ದರೂ ಹಿಡಿಯುವವರು ಯಾರಿದ್ದರು? ಬಸವಣ್ಣಾ, ಇಷ್ಟು ದಿನ ನನ್ನನ್ನು ನನ್ನ ಕೈಗೇ ಬಿಟ್ಟೆಯಲ್ಲಪ್ಪಾ, ಅಂದುಕೊಂಡ.

ಸೋಮವಾರ ಕಟ್ಟೆ ಕಿಕ್ಕಿರಿದಿತ್ತು. ಶಂಭುಲಿಂಗಪ್ಪನೂ ಬಂದು ಕೂತಿದ್ದ. ಮಡಿವಾಳೆಪ್ಪ ಪೀಠಿಕೆ ಹಾಕಲಿಲ್ಲ.

“ಲಕ್ಕಪ್ಪ ಹೇಳಿದ್ದು ಖರೇ. ಸರದಾರ ಮನೀಗೆ ಬಂದಿಲ್ಲ. ಮೂರು ವರ್ಷದ ಹಿಂದ ನಾ ಅವನನ್ನ ಮನೀ ಮುಟ್ಟಿಸಿದ್ದು ಸಿನಿಮಾದಾಗ ಇದ್ದಿದ್ದಿಲ್ಲ. ನಾನಽ ಹುಟ್ಟಿಸಿ ಹೇಳಿದ್ದು.”

ಸಿರಾಜುದ್ದೀನ ಬೀಡಿ ಹಚ್ಚಲು ಗೀರಿದ ಕಡ್ಡಿ ಬೆರಳ ತನಕ ಉರಿದು ಬಂತು. ಮೊದಲು ಬಾಯಿ ತೆರೆದವಳು ರೇವವ್ವ.

“ಹಂಗಾರ ಆ ಹಡದಾಕಿ ಇನ್ನೂ ಬಾಗಲದಾಗ ನಿಂತಾಳಲ್ಲೋ ಯಪ್ಪಾ.”

“ಹೌದಬೇ. ನಿಂತಾಳ.”

“ಮೂರು ವರ್ಷ ನಾ ಆಕೀ ಚಿಂತೀನಽ ಬಿಟ್ಟಿದ್ನಿ” ಅಂದಳು ಮುದುಕಿ. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಇದ್ದಿದ್ದರೆ ಚೆನ್ನಾಗಿತ್ತು ಅನಿಸಿತು ಮಡಿವಾಳೆಪ್ಪನಿಗೆ.

ಆಗ ಅವನು ಹೆದರುತ್ತಿದ್ದ ಪ್ರಶ್ನೆಯೇ ಬಂತು, ಕೇಳಿದವನು ಸಿರಾಜುದ್ದೀನ. “ಮತ್ತ ಗುಡಿಯಾಗ ಹೇಳೂದು, ಅಣ್ಣಾ?” ಶಂಭುಲಿಂಗಪ್ಪ ಕಣ್ಣು ಮುಚ್ಚಿಕೊಂಡ.

“ಅದರಾಗ ನಾ ಒಂದಕ್ಷರಾ ಕೂಡಿಸಿಲ್ಲ. ಆದ್ರ ನನ್ನ ಮಾತ ನಂಬ್ರಿ ಅಂತ ಇನ್ನ ಮ್ಯಾಲ ನಾ ಹೆಂಗ ಕೇಳಲಿ? ಈ ಶ್ರಾವಣಕ್ಕ ಪುಸ್ತಕ ನನ್ನ ಕೈಯಾಗ ಬ್ಯಾಡ. ಪಟ್ಟಿ ಹಸೀ ಐತಿ ಅಂತ ನೋಡಿದಂವ ಲಕ್ಕಪ್ಪ. ಅವ ಪದ್ಯಾ ಓದಲಿ, ನಾ ಅರ್ಥಾ ಹೇಳತೀನಿ. ಎಲ್ಲೆರೆ ದಾರಿ ಬಿಟ್ಟರ ಅಲ್ಲೇ ಹಿಡೀಲಿ.”

ಕಟ್ಟೆಯ ಮೇಲೆ ಗುಸುಗುಸು ಎದ್ದಿತು. ಲಕ್ಕಪ್ಪ ನೆಲ ನೋಡುತ್ತಿದ್ದವನು ತಲೆಯೆತ್ತಿದ. “ಓದತೀನ್ರಿ. ಆದ್ರ ಮೆಟ್ಟಲದಾಗ ಕುಂತು ಓದೂದಿಲ್ಲ.”

“ಅಲ್ಲಿ ಕುಂತರ ನನಗ ಕೇಳಸೂದೂ ಇಲ್ಲ. ನನ್ನ ಬಾಜೂಕ ಕುಂದ್ರು.”

ಎಲ್ಲರೂ ಶಂಭುಲಿಂಗಪ್ಪನ ಬಾಯಿ ನೋಡಿದರು.

“ಪುಸ್ತಕ ಯಾರ ಕೈಯಾಗಿದ್ರೂ ಪುಸ್ತಕದಾಗಿನ ಮಾತ ಬದಲಾಗೂದಿಲ್ಲ” ಅಂದ ಅವನು. “ಪಂಚರು ಗದ್ದಲಾ ಮಾಡತಾರ. ಮಾಡ್ಲಿ. ಮೊದ್ಲ ಹುಡುಗಗ ಓದಾಕ ಬರತೈತೋ ಇಲ್ಲೋ ನೋಡೂಣು.”

ಮಡಿವಾಳೆಪ್ಪ ಎದ್ದು ಹೋಗಿ ಮನೆಯಿಂದ ಪುಸ್ತಕ ತಂದ. ಅರಿವೆ ಬಿಚ್ಚಿ ಲಕ್ಕಪ್ಪನ ಎರಡೂ ಕೈಯಲ್ಲಿ ಇಟ್ಟ. ಮಡಿವಾಳೆಪ್ಪನ ಅಪ್ಪನ ಕಾಲದಿಂದ ಅದು ಬೇರೆ ಕೈ ಕಂಡಿದ್ದರೆ ಅದು ಈರಬಸಪ್ಪನ ಕೈ ಮಾತ್ರ.

ಲಕ್ಕಪ್ಪ ಮೊದಲ ಪದ್ಯಕ್ಕೆ ದನಿ ತೆಗೆದ. ಎರಡು ಸಾಲು ಸರಾಗ ಹೋಯಿತು. ಮೂರನೆಯ ಸಾಲಿನಲ್ಲಿ ಒಂದು ಹಳೆಯ ಶಬ್ದಕ್ಕೆ ತಡವರಿಸಿ ನಿಂತ. ಆ ಶಬ್ದ ಮಡಿವಾಳೆಪ್ಪನ ನಾಲಿಗೆಯ ತುದಿಗೆ ತಾನಾಗಿ ಬಂದಿತ್ತು. ಅವನು ಅದನ್ನು ನುಂಗಿದ. ಹುಡುಗ ಬೆರಳಿಟ್ಟು ಅಕ್ಷರ ಅಕ್ಷರ ಕೂಡಿಸುವುದನ್ನು, ಊರಿನವರ ಜತೆ ತಾನೂ ಒಬ್ಬ ಕೇಳುವವನಾಗಿ, ಕಾಯುತ್ತ ಕೂತ.