ಬಾಗಿಲಜ್ಜನ ಬದಲಿ

ಹಿತ್ತಾಳೆಯ ಗುಂಡಿ ಮತ್ತೆ ಕೋಟೆಯೊಳಗೆ ಬಂದಿತ್ತು.

ಲೇಖಕಿ ಚಹಾದ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹಲಗೆಯ ಮೇಲೆ ಬಾಗಿ ನೋಡಿದಳು. ನಿನ್ನೆ ಸಂಜೆ ತಾನೇ ಕೈಯಾರೆ ಆ ಗುಂಡಿಯನ್ನು ರಟ್ಟಿನ ಹೆಬ್ಬಾಗಿಲ ಆಚೆ, ಕಂದಕದ ಅಂಚಿಗೆ ಇಟ್ಟಿದ್ದಳು. ಈಗ ಅದು ಪಾಕಶಾಲೆಯಲ್ಲಿ, ಒಲೆಯೆಂದು ಇಟ್ಟಿದ್ದ ಕೆಂಪು ಗುಂಡಿಗೆ ಒತ್ತಿಕೊಂಡು ಕೂತಿತ್ತು. ಇದೇನು ಮೊದಲ ಸಲವಲ್ಲ. ಮೊದಲ ಸಲ ತನ್ನ ಮರೆವು ಅಂದುಕೊಂಡಿದ್ದಳು. ಎರಡನೆಯ ಸಲ ಗಾಳಿಯನ್ನು ಬೈದಿದ್ದಳು. ಆದರೆ ಗಾಳಿಗೆ ಗುಂಡಿಯನ್ನು ಎತ್ತಿ ಗೋಡೆ ದಾಟಿಸುವಷ್ಟು ಜಾಣತನ ಎಲ್ಲಿಂದ ಬರಬೇಕು?

ಹಿಂದಿನ ಕೋಣೆಯ ಆ ಪ್ಲೈವುಡ್ ಹಲಗೆಯೇ ಅವಳ ಕಾರ್ಖಾನೆ. ಕಾಗದದ ಮೇಲೆ ಕಥೆಯ ನಕ್ಷೆ ಹಾಕಿಕೊಳ್ಳುವ ಅಭ್ಯಾಸ ಅವಳಿಗಿಲ್ಲ. ರಟ್ಟಿನ ಕೋಟೆ ಕಟ್ಟಿ, ಒಂದೊಂದು ಪಾತ್ರಕ್ಕೆ ಒಂದೊಂದು ಗುಂಡಿ ಇಟ್ಟು, ಅವನ್ನು ಸರಿಸುತ್ತಾ, ಅವುಗಳ ಮಾತನ್ನು ಗಟ್ಟಿಯಾಗಿ ಆಡುತ್ತಾ ಬರೆಯುವವಳು. ನೀಲಿ ಗುಂಡಿ ಕಲ್ಲುಕುಟಿಗರ ಹುಡುಗಿ. ಸಾಲಾಗಿ ನಿಂತ ಬಿಳಿ ಗುಂಡಿಗಳು ಸೈನಿಕರು. ಹಿತ್ತಾಳೆಯದು ಬಾಗಿಲಜ್ಜ. ಒಂದೊಂದು ಬಾಗಿಲು ಒಂದೊಂದು ಕಾಲಕ್ಕೆ ತೆರೆದುಕೊಳ್ಳುವ ಆ ಕೋಟೆಯಲ್ಲಿ, ಬಂದವರ ಕಾಲಿನ ಧೂಳು ನೋಡಿ ಯಾವ ಶತಮಾನದಿಂದ ಬಂದವರು ಎಂದು ಹೇಳಬಲ್ಲ ಮುದುಕ. ಆರು ಪುಸ್ತಕ ಓದಿದ ಮಕ್ಕಳಿಗೆ ರಾಜರ ಹೆಸರು ನೆನಪಿರುತ್ತಿರಲಿಲ್ಲ, ಅಜ್ಜನ ಮಾತು ಮಾತ್ರ ಬಾಯಿಪಾಠ. ಅವಳು ಯಾವ ಶಾಲೆಗೆ ಹೋದರೂ ಒಂದು ಮೂಲೆಯಿಂದ ಯಾರೋ ಬೆಂಚು ಕುಟ್ಟುತ್ತಿದ್ದರು, ಉಳಿದವರು ಒಟ್ಟಿಗೆ ಹೇಳುತ್ತಿದ್ದರು: "ಒಳಗೆ ಬಂದೋರು ಹೊರಗೆ ಹೋಗೋವರೆಗೂ ನನ್ನ ಲೆಕ್ಕ."

ದೊಡ್ಡವರ ಲೆಕ್ಕ ಬೇರೆ. "ದೊಡ್ಡವರಿಗೆ ಯಾವಾಗ ಬರೀತೀರಿ?" ಎಂದು ಸಭೆಗಳಲ್ಲಿ ಕೇಳುತ್ತಿದ್ದರು. "ಮಕ್ಕಳ ಡಾಕ್ಟರನ್ನ ಯಾರಾದ್ರೂ ಹೀಗೆ ಕೇಳ್ತಾರಾ?" ಎಂದು ಅವಳು ನಗುತ್ತಲೇ ತಿರುಗಿಸಿ ಕೇಳುತ್ತಿದ್ದಳು. ಮನೆಗೆ ಬಂದ ಮೇಲೆ ಮಾತ್ರ ಆ ಪ್ರಶ್ನೆ ಚಪ್ಪಲಿಯೊಳಗಿನ ಹರಳಿನ ಹಾಗೆ ಒತ್ತುತ್ತಿತ್ತು.

ಈಗಿನ ತಲೆನೋವು ಅದಲ್ಲ. ಏಳನೆಯ ಪುಸ್ತಕವೇ ಕೊನೆಯದು ಎಂದು ಅವಳು ಹೇಳಿಬಿಟ್ಟಿದ್ದಳು. ಪ್ರಕಾಶನದ ಸಂಪಾದಕನ ಕಿವಿಯ ಮೇಲೆ ಸದಾ ಪೆನ್ಸಿಲ್ ಇರುತ್ತಿದ್ದುದರಿಂದ ಮನೆಯಲ್ಲಿ ಅವನಿಗೆ ಪೆನ್ಸಿಲ್ ಎಂದೇ ಹೆಸರು. ಅವನು ಬಂದು ಸೋಫಾದ ತುದಿಯಲ್ಲಿ ಕೂತು, ಬಹಳ ಮೆತ್ತಗೆ ಹೇಳಿದ್ದ.

"ನೀವು ನಿಲ್ಲಿಸಿ ಮೇಡಂ, ಯಾರು ಬೇಡ ಅಂತಾರೆ? ಆದ್ರೆ ಕೋಟೆ ನಿಲ್ಲಬಾರದು. ಒಪ್ಪಂದದ ಪ್ರಕಾರ ಪಾತ್ರಗಳು ಪ್ರಕಾಶನದ್ದು. ಬೇರೆ ಯಾರಿಂದಾದ್ರೂ ಮುಂದುವರಿಸ್ತೀವಿ. ಅಜ್ಜ ಒಬ್ಬ ಇದ್ರೆ ಸಾಕು."

"ಅಜ್ಜ ನನ್ನವನು" ಎಂದಿದ್ದಳು ಅವಳು. ಆ ದಿನವೇ ತೀರ್ಮಾನ ಮಾಡಿದ್ದಳು. ಏಳನೆಯ ಪುಸ್ತಕದ ಕೊನೆಯಲ್ಲಿ, ಹಿಮ ಬೀಳುವ ರಾತ್ರಿ, ಬಾಗಿಲಜ್ಜ ಹೆಬ್ಬಾಗಿಲ ಹೊರಗೆ ಒಬ್ಬನೇ ಕಾವಲು ನಿಂತು ಸಾಯಬೇಕು. ಸತ್ತವನನ್ನು ಯಾರು ಹೊತ್ತುಕೊಂಡು ಹೋಗುತ್ತಾರೋ ನೋಡೋಣ.

ಹಾಗಾದರೆ ಗುಂಡಿ ಸರಿಸುತ್ತಿರುವುದು ಯಾರು?

ಪೆನ್ಸಿಲ್ ಈ ವಾರ ಮನೆಗೆ ಬಂದಿರಲಿಲ್ಲ. ಆದರೆ ಗಂಡನ ಕನ್ನಡಕದ ಅಂಗಡಿಗೆ ಹೋಗಿದ್ದ. ಹೊಸ ಫ್ರೇಮು ಬೇಕಿತ್ತಂತೆ. ಹಳೆಯ ಫ್ರೇಮಿಗೆ ಏನಾಗಿತ್ತು? ಗಂಡ ಎರಡು ದಿನದಿಂದ ಬಾಲ್ಕನಿಗೆ ಹೋಗಿ ಫೋನಿನಲ್ಲಿ ಮಾತಾಡುತ್ತಿದ್ದ, ಅವಳು ಬಂದರೆ ದನಿ ಇಳಿಸುತ್ತಿದ್ದ.

"ಅಂಗಡಿಯಲ್ಲಿ ಅವನು ಏನಂದ?" ಎಂದು ಊಟಕ್ಕೆ ಕೂತಾಗ ಕೇಳಿದಳು.

"ಯಾರು?"

"ಪೆನ್ಸಿಲ್."

"ದೂರದ್ದು ಮಸುಕು ಅಂದ. ನಂಬರ್ ಜಾಸ್ತಿ ಆಗಿದೆ."

"ಅಷ್ಟೇನಾ?"

"ಮತ್ತೇನು, ಜಾತಕ ಕೇಳಬೇಕಿತ್ತಾ?" ಗಂಡ ನಕ್ಕ. ನಂತರ, ಸಾರಿನಲ್ಲಿ ಚಮಚ ತಿರುಗಿಸುತ್ತಾ, "ಪಾಪ, ಆ ಮುದುಕನ್ನ ಬದುಕಿಸೇ. ಏನು ಕಳ್ಕೋತೀಯ?" ಎಂದ.

ಅವಳ ಕೈ ತಟ್ಟೆಯಲ್ಲೇ ನಿಂತಿತು. ಅಜ್ಜ ಸಾಯುತ್ತಾನೆಂದು ಅವಳು ಗಂಡನಿಗೆ ಹೇಳಿರಲೇ ಇಲ್ಲ.

"ನಿಮಗೆ ಯಾರು ಹೇಳಿದ್ದು?"

"ನೀನೇ. ಕೋಣೆಯಲ್ಲಿ ಅಷ್ಟು ಜೋರಾಗಿ ಸಾಯಿಸ್ತಿದ್ರೆ ಪಕ್ಕದ ಮನೆಯವರೂ ಅಳ್ತಾರೆ."

ಉತ್ತರ ಸರಿಯಾಗಿಯೇ ಇತ್ತು. ಸರಿಯಾಗಿದ್ದುದರಿಂದಲೇ ಅವಳಿಗೆ ಇನ್ನಷ್ಟು ಅನುಮಾನ ಬಂತು. ಮೇಜಿನ ಆ ತುದಿಯಲ್ಲಿ ಅತ್ತೆ ತಲೆಯೆತ್ತದೆ ಊಟ ಮಾಡುತ್ತಿದ್ದರು. ಎರಡು ವರ್ಷ ಕಣ್ಣಿಗೆ ಪೊರೆ ಬಂದು ಗೋಡೆ ತಡವಿ ಓಡಾಡಿದವರು. ಹೋದ ತಿಂಗಳು ಪೊರೆ ತೆಗೆಸಿದ್ದಾಗಿತ್ತು. ಮಗ ಮಾಡಿಸಿಕೊಟ್ಟ ಹೊಸ ಕನ್ನಡಕ ಇನ್ನೂ ಮೂಗಿಗೆ ಒಗ್ಗಿರಲಿಲ್ಲ.

ಆ ಸಂಜೆ ಲೇಖಕಿ ಗುಂಡಿಯನ್ನು ಮತ್ತೆ ಕಂದಕದ ಅಂಚಿಗೆ ಇಟ್ಟು, ಹಲಗೆಯ ಮೇಲೆಲ್ಲ ಪೌಡರ್ ಉದುರಿಸಿದಳು. ಕಲ್ಲುಕುಟಿಗರ ಹುಡುಗಿ ಮೂರನೆಯ ಪುಸ್ತಕದಲ್ಲಿ ಸುಣ್ಣದ ಪುಡಿ ಚೆಲ್ಲಿ ಮಂತ್ರಿಯನ್ನು ಹಿಡಿದದ್ದು ಹಾಗೆಯೇ. ಮರುದಿನ ಮಧ್ಯಾಹ್ನ ನೋಡಿದರೆ ಗುಂಡಿ ಒಲೆಯ ಹತ್ತಿರ. ಪೌಡರಿನ ಮೇಲೆ ಬೆರಳ ಗುರುತಿಲ್ಲ, ಯಾಕೆಂದರೆ ಪೌಡರೇ ಇಲ್ಲ. ಹಲಗೆ ಕನ್ನಡಿಯಂತೆ ಒರೆಸಿಟ್ಟಿತ್ತು. ಕಳ್ಳ ಸಾಮಾನ್ಯನಲ್ಲ ಎಂದುಕೊಂಡಳು.

ಮುಂದಿನ ದಿನ, ಗ್ರಂಥಾಲಯಕ್ಕೆ ಹೋಗುತ್ತೇನೆಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ, ಬೀಗದಕೈ ಗೊಂಚಲು ಗಲಗಲ ಅನ್ನಿಸಿ, ಮುಂಬಾಗಿಲು ತೆರೆದು, ತಾನು ಒಳಗೇ ಉಳಿದು ಮುಚ್ಚಿದಳು. ಚಪ್ಪಲಿ ಕೈಯಲ್ಲಿ ಹಿಡಿದು ಬಾಲ್ಕನಿಗೆ ಬಂದು, ಒಣಗಲು ಹಾಕಿದ್ದ ಬೆಡ್‌ಶೀಟಿನ ಹಿಂದೆ ನಿಂತಳು. ಹಿಂದಿನ ಕೋಣೆಯ ಕಿಟಕಿ ಅಲ್ಲಿಂದ ನೇರ ಕಾಣುತ್ತಿತ್ತು. ಐವತ್ತು ದಾಟಿದ ಹೆಂಗಸು ತನ್ನ ಮನೆಯಲ್ಲೇ ಹೀಗೆ ಹೊಂಚು ಹಾಕುವುದನ್ನು ಓದುಗ ಮಕ್ಕಳು ನೋಡಿದರೆ ಏನನ್ನುತ್ತಾರೆ ಎಂದು ಒಮ್ಮೆ ಅನ್ನಿಸಿತು. ಖುಷಿಪಡುತ್ತಾರೆ, ಅಷ್ಟೇ.

ಅಂಗಡಿಯಿಂದ ಗಂಡ ಬರಲಿಲ್ಲ. ಪೆನ್ಸಿಲ್ಲೂ ಬರಲಿಲ್ಲ. ಅತ್ತೆ ಬಂದರು.

ಒರೆಸುವ ಬಟ್ಟೆ ಹಿಡಿದು ಬಂದವರು ಹಲಗೆಯ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ಹಿತ್ತಾಳೆಯ ಗುಂಡಿಯನ್ನು ಎತ್ತಿ, ಬಟ್ಟೆಯ ತುದಿಯಿಂದ ತಿಕ್ಕಿ, ಬೆಳಕಿಗೆ ಹಿಡಿದು ನೋಡಿ, ಒಲೆಯ ಪಕ್ಕ ಇಟ್ಟರು. ಸ್ವಲ್ಪ ಯೋಚಿಸಿ ಇನ್ನಷ್ಟು ಹತ್ತಿರ ಸರಿಸಿದರು.

ಆಮೇಲೆ ತಿರುಗದೆಯೇ ಅಂದರು: "ಬಿಸಿಲಲ್ಲಿ ಯಾಕೆ ನಿಂತಿದ್ದೀಯ? ಒಳಗೆ ಬಾ. ಬೆಡ್‌ಶೀಟ್ ಕೆಳಗೆ ಕಾಲು ಕಾಣ್ತಿದೆ. ನನಗೀಗ ಕಣ್ಣು ಕಾಣುತ್ತೆ ಕಣೇ."

ಲೇಖಕಿ ಚಪ್ಪಲಿ ಹಿಡಿದುಕೊಂಡೇ ಒಳಗೆ ಬಂದು ಅತ್ತೆಯ ಪಕ್ಕ ಕೂತಳು.

"ಪೆನ್ಸಿಲ್ ಹೇಳಿಕೊಟ್ಟನಾ ಅತ್ತೆ?"

"ಪೆನ್ಸಿಲ್ ಯಾರು ನನಗೆ ಹೇಳಿಕೊಡೋಕೆ? ಈ ಗುಂಡಿ ಎಲ್ಲಿಂದ ತಗೊಂಡೆ?"

"ನಿಮ್ಮ ಡಬ್ಬಿಯಿಂದ." ಹೇಳುವಾಗಲೇ ಅವಳ ದನಿ ಇಳಿಯಿತು. ಗುಂಡಿಗಳ ತಗಡಿನ ಡಬ್ಬಿ ಅತ್ತೆಯ ಬೀರುವಿನದು. ಮೊದಲ ಪುಸ್ತಕದ ಹೊತ್ತಿಗೆ ಹೊಳೆಯುವುದೊಂದು ಬೇಕಿತ್ತು, ಕೈಗೆ ಸಿಕ್ಕಿದ್ದನ್ನು ತಂದಿದ್ದಳು. ಮನೆಯ ಗುಂಡಿಗೆ ಯಾರನ್ನು ಕೇಳುವುದು?

"ನಿಮ್ಮ ಮಾವನ ಕೋಟಿಂದು. ಗೇಟು ಕಾಯೋರಿಗೆ ಅಂತ ಗಿರಣಿಯವರು ಕೊಟ್ಟ ಕೋಟು. ನಾನು ಡಬ್ಬಿಯಲ್ಲೇ ಇದೆ ಅಂದ್ಕೊಂಡಿದ್ದೆ, ನೀನು ಬರೆಯೋ ಕೋಣೆಗೆ ಬರ್ತಾನೇ ಇರಲಿಲ್ಲವಲ್ಲ. ಕಣ್ಣು ಕಾಣೋಕೆ ಶುರುವಾದ ಮೇಲೆ ಒರೆಸೋಕೆ ಅಂತ ಬಂದು ನೋಡ್ತೀನಿ, ಇಲ್ಲಿ, ಗೋಡೆ ಆಚೆ, ಒಬ್ಬರೇ." ಅತ್ತೆ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. "ಗೋಡೆ ಪಕ್ಕ ಕೂತು ಆರು ಪುಸ್ತಕಾನೂ ಕೇಳಿದ್ದೀನಿ. ಒಳಗೆ ಬಂದೋರು ಹೊರಗೆ ಹೋಗೋವರೆಗೂ ನನ್ನ ಲೆಕ್ಕ. ಅದು ನಿಮ್ಮ ಮಾವ ದಿನಾ ಅಂತಿದ್ದ ಮಾತು. ನಾನೇ ಯಾವಾಗಲೋ ನಿನಗೆ ಹೇಳಿದ್ದೆ, ಬಟಾಣಿ ಸುಲೀತಾ."

ಲೇಖಕಿಗೆ ಬಟಾಣಿ ನೆನಪಿತ್ತು. ಮಾತು ನೆನಪಿರಲಿಲ್ಲ. ಅಜ್ಜ ಒಂದು ದಿನ ತಾನಾಗಿಯೇ ಮನಸ್ಸಿನ ಬಾಗಿಲಿಗೆ ಬಂದು ನಿಂತ ಎಂದು ಎಷ್ಟು ವೇದಿಕೆಗಳಲ್ಲಿ ಹೇಳಿದ್ದಳೋ. ಸುಳ್ಳು ಹೇಳುತ್ತಿದ್ದೇನೆಂದು ಒಂದು ಸಲವೂ ಅನ್ನಿಸಿರಲಿಲ್ಲ.

"ಆವತ್ತು ಪೆನ್ಸಿಲ್ ಹತ್ರ ಅಜ್ಜ ನನ್ನವನು ಅಂತಿದ್ದೆ" ಎಂದರು ಅತ್ತೆ. "ಕೇಳಿಸ್ತು. ಸುಮ್ಮನಿದ್ದೆ. ಅವರ ಮಾತು ಮಕ್ಕಳೆಲ್ಲ ಆಡ್ತಾರಲ್ಲ, ಆಡಲಿ ಅಂತ."

ಕೆಳಗೆ ಬೀದಿಯಲ್ಲಿ ಯಾರದೋ ಸೈಕಲ್ಲಿನ ಗಂಟೆ ಕೇಳಿ ನಿಂತಿತು.

"ಸಾಯಿಸಬೇಕಾ?"

"ಇಲ್ಲದಿದ್ದರೆ ಪ್ರಕಾಶನದವರು ತಗೊಂಡು ಹೋಗ್ತಾರೆ ಅತ್ತೆ. ಯಾರೋ ಬರೀತಾರೆ. ಅಜ್ಜನ ಬಾಯಲ್ಲಿ ಏನೇನೋ ಆಡಿಸ್ತಾರೆ."

"ಸಾಯಿಸೋದಾದ್ರೆ ಸಾಯಿಸು. ಚಳಿಯಲ್ಲಿ ಬೇಡ." ಅತ್ತೆಯ ದನಿಯಲ್ಲಿ ಬೇಡಿಕೆ ಇರಲಿಲ್ಲ, ಲೆಕ್ಕ ತಪ್ಪಿದ್ದನ್ನು ತಿದ್ದುವ ಹಾಗಿತ್ತು. "ಆ ಚಳಿ ರಾತ್ರಿ ನಿಮ್ಮ ಮಾವನ ಪಾಳಿ ಮುಗಿದಿತ್ತು. ಬದಲಿ ಬರೋವನು ಬರಲಿಲ್ಲ. ಗೇಟು ಬಿಟ್ಟು ಹೇಗೆ ಬರೋದು ಅಂತ ಇನ್ನೊಂದು ಪಾಳಿ ನಿಂತ್ರು. ಬೆಳಿಗ್ಗೆ ಸ್ಟೂಲ್ ಮೇಲೆ ಕೂತ ಹಾಗೇ ಇದ್ರಂತೆ. ಒಂದು ಸಲ ಆಯ್ತಲ್ಲ, ಸಾಕು."

ಮಾವ ಹೃದಯ ನಿಂತು ಹೋದರು ಎಂದಷ್ಟೇ ಈ ಮನೆಯಲ್ಲಿ ಅವಳು ಕೇಳಿದ್ದು.

ಹೊರಗಿನ ಕೋಣೆಯಲ್ಲಿ ಫೋನು ಬಡಿದುಕೊಳ್ಳತೊಡಗಿತು. ಪೆನ್ಸಿಲ್ ಇರಬೇಕು, ಕೊನೆಯ ಅಧ್ಯಾಯ ಎಲ್ಲಿಗೆ ಬಂತು ಎಂದು ಕೇಳಲು. ಲೇಖಕಿ ಏಳಲಿಲ್ಲ. ರಟ್ಟಿನ ಹೆಬ್ಬಾಗಿಲನ್ನೇ ನೋಡುತ್ತಾ ಕೂತಳು. ಆರು ಪುಸ್ತಕಗಳಲ್ಲಿ ರಾಜರು ಬದಲಾಗಿದ್ದರು, ಶತಮಾನಗಳು ಬದಲಾಗಿದ್ದವು. ಆ ಮುದುಕನಿಗೆ ಒಂದು ಸಲವೂ ಬದಲಿ ಬಂದಿರಲಿಲ್ಲ, ಒಂದು ದಿನವೂ ಅವನು ಮನೆಗೆ ಹೋಗಿರಲಿಲ್ಲ. ಅವನಿಗೊಂದು ಮನೆ ಇದೆ ಎಂದು ಬರೆದೇ ಇರಲಿಲ್ಲ.

ಫೋನು ನಿಂತು, ಮತ್ತೆ ಶುರುವಾಯಿತು.

ಅವಳು ಎದ್ದು ಹೋಗಿ ಬೀರುವಿನಿಂದ ತಗಡಿನ ಡಬ್ಬಿ ತಂದಳು. ತಾನೇ ತೆರೆಯದೆ ಅತ್ತೆಯ ಮುಂದೆ ಇಟ್ಟಳು.

"ಅಜ್ಜ ಮನೆಗೆ ಹೋಗಲಿ. ಬದಲಿಗೆ ಬಾಗಿಲಿಗೆ ಒಬ್ಬ ಬೇಕು ಅತ್ತೆ. ಯಾವುದನ್ನ ತಗೊಳ್ಳಲಿ?"

ಅತ್ತೆ ಅವಳ ಮುಖ ನೋಡಿದರು. ಕನ್ನಡಕವನ್ನು ಹಾಕಿಕೊಳ್ಳಲಿಲ್ಲ. ಮುಚ್ಚಳ ತೆಗೆದು ಬೆರಳು ಇಳಿಬಿಟ್ಟು, ಕಣ್ಣಿಲ್ಲದ ಕಾಲದ ರೂಢಿಯಲ್ಲೇ, ಒಂದೊಂದನ್ನೂ ತಡವಿ ತಡವಿ ಬಿಡತೊಡಗಿದರು. ಎಲ್ಲಿಯೂ ಅವಸರವಿರಲಿಲ್ಲ. ಡಬ್ಬಿಯೊಳಗೆ ಗುಂಡಿಗಳು ಸರಿಯುವ ಸದ್ದು ಕೇಳುತ್ತಲೇ ಇತ್ತು.